ಕಿರಿಯ ಉಗಿಬಂಡಿ: ಅದರ ಅಂಗಾಂಗಗಳನ್ನು ಕೂಡಿಸುವ ಬಗೆ

ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದರಾಸು ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಒಂದನ್ನೊಂದು ಕೂಡಿಕೊಂಡವು. ದಕ್ಷಿಣೋತ್ತರಗಳನ್ನು ಬೆಸೆದ ಆ ಹಳಿ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ ಹಾದುಹೋದರೂ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಕಪ್ಪುನೆಲದ ಊರುಗಳು ಬಹುಕಾಲ ರೈಲಿನ ಕೂಗಿನಿಂದ ದೂರವೇ ಉಳಿದವು. ಸಿಂಧನೂರಿಗೆ ರೈಲು ಬಂದುದು 2024ರಲ್ಲಿ. ಅಷ್ಟರೊಳಗೆ ಉಗಿಯ ಯುಗವೇ ಮುಗಿದುಹೋಗಿತ್ತು. ಚಿತ್ತರಂಜನದ ಕಾರ್ಖಾನೆಯು 1950ರಿಂದ ತಯಾರಿಸುತ್ತ ಬಂದಿದ್ದ ಉಗಿ ಎಂಜಿನುಗಳ ಸಾಲು 1972ರಲ್ಲಿ ನಿಂತಿತು. ಬ್ರಾಡ್‌ಗೇಜ್ ಹಳಿಯ ಮೇಲೆ ಉಗಿಬಂಡಿಗಳ ನಿತ್ಯಸಂಚಾರ 1995ರಲ್ಲಿ ಕೊನೆಗೊಂಡಿತು. ಆದುದರಿಂದ ಈ ಸೀಮೆಯ ಇಂದಿನ ಬಾಲಕನು ಉಗಿಯಂತ್ರವನ್ನು ಪಾಠದ ಚಿತ್ರದಲ್ಲಿ ಕಂಡಿರುವನೇ ಹೊರತು ಅದರ ಉಸಿರನ್ನು ಕೇಳಿದವನಲ್ಲ.

ಈ ಕೊರತೆಯನ್ನು ತುಂಬಬಲ್ಲ ಸಾಧನವೊಂದುಂಟು. ಅದೇ ಕಿರಿಯ ಅಳತೆಯ ಜೀವಂತ ಉಗಿಬಂಡಿ. ಕೀಲಿ ಕೊಟ್ಟರೆ ಓಡುವ ಆಟಿಕೆಯಾಗಲಿ ವಿದ್ಯುತ್ತಿನಿಂದ ತಿರುಗುವ ಗೊಂಬೆಯಾಗಲಿ ಇದಲ್ಲ. ಇದರ ಒಡಲಲ್ಲಿ ನಿಜವಾದ ಬೆಂಕಿ ಉರಿಯುತ್ತದೆ, ನಿಜವಾದ ನೀರು ಕುದಿಯುತ್ತದೆ, ಉಗಿಯು ಸಿಲಿಂಡರನ್ನು ಹೊಕ್ಕು ಪಿಸ್ಟನ್ನನ್ನು ತಳ್ಳುತ್ತದೆ. ಹಿರಿಯ ಬಂಡಿಯಲ್ಲಿ ನಡೆಯುವ ಸಕಲ ವ್ಯಾಪಾರವೂ ಮಂಡಿಯೆತ್ತರದ ಈ ಬಂಡಿಯಲ್ಲಿಯೂ ನಡೆಯುತ್ತದೆ. ಇಂತಹ ಬಂಡಿಯನ್ನು ಕಟ್ಟಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಜಾಣ್ಮೆಯದಲ್ಲ, ಸಾಮಗ್ರಿಯದು. ಇದರ ಅಂಗಾಂಗಗಳು ಎಲ್ಲಿ ದೊರೆಯುತ್ತವೆ? ದೊರೆಯದಿದ್ದಲ್ಲಿ ಯಾವುದನ್ನು ಯಾರಿಂದ ಮಾಡಿಸಬೇಕು? ಅಗ್ಗವೆಂದು ಕೈಗೆ ಬಂದುದನ್ನೆಲ್ಲ ಜೋಡಿಸಿದರೆ ಕೇಡೇನು? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಳತೆಯ ವಿಚಾರ

ಲೋಕದಲ್ಲಿ ಇಂತಹ ಬಂಡಿಗಳಿಗೆ ಹಳಿಗಳ ನಡುವಣ ಅಂತರವೇ ಹೆಸರು. ಎರಡೂವರೆ ಅಂಗುಲ, ಮೂರೂವರೆ ಅಂಗುಲ, ಐದು ಅಂಗುಲ, ಏಳೂಕಾಲು ಅಂಗುಲ ಎಂಬ ನಾಲ್ಕು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೇಲೆ ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುತ್ತಿದ್ದ ಹಳೆಯ ಹಳಿ ಮೀಟರ್‌ಗೇಜಿನದು. ಒಂದು ಮೀಟರನ್ನು ಹದಿನಾರರಿಂದ ಭಾಗಿಸಿದರೆ 62.5 ಮಿಲಿಮೀಟರು, ಎರಡೂವರೆ ಅಂಗುಲವೆಂದರೆ 63.5 ಮಿಲಿಮೀಟರು. ಎಂದರೆ ನಮ್ಮ ನಾಡಿನ ಮೀಟರ್‌ಗೇಜ್ ಬಂಡಿಯನ್ನು ಹದಿನಾರರಲ್ಲೊಂದು ಪಾಲಿಗೆ ಇಳಿಸಿದರೆ ಅದು ಹೆಚ್ಚು ಕಡಮೆ ಎರಡೂವರೆ ಅಂಗುಲದ ಹಳಿಯ ಮೇಲೆ ಸರಿಯಾಗಿ ಕೂಡುತ್ತದೆ.

ಆದರೆ ಇಳಿಸುವುದೆಂಬುದು ಸರಳವಾದ ಭಾಗಾಕಾರವಲ್ಲ. ಉದ್ದವು ಹದಿನಾರು ಪಟ್ಟು ಕುಗ್ಗಿದಾಗ ಮೇಲ್ಮೈಯು 256 ಪಟ್ಟು ಕುಗ್ಗುತ್ತದೆ. ತೂಕವಾದರೋ 4,096 ಪಟ್ಟು ಕುಗ್ಗುತ್ತದೆ. ಅರುವತ್ತು ಟನ್ನಿನ ಎಂಜಿನು ಹದಿನೈದು ಕಿಲೋಗ್ರಾಮಿಗೆ ಇಳಿಯುತ್ತದೆ. ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚಾಗಿ ಉಳಿಯುವುದರಿಂದ ಕಿರಿಯ ಬಂಡಿ ಬೇಗನೆ ಕಾಯುತ್ತದೆ, ಬೇಗನೆ ತಣಿಯುತ್ತದೆ. ಲೋಹವನ್ನು ಕಿರಿದಾಗಿಸಬಹುದು, ಬೆಂಕಿಯ ಗುಣವನ್ನೂ ನೀರಿನ ಗುಣವನ್ನೂ ಕಿರಿದಾಗಿಸಲಾಗದು. ಈ ಕಾರಣದಿಂದಲೇ ಹಿರಿಯ ಬಂಡಿಯಲ್ಲಿ ಉಕ್ಕಿನಿಂದ ಮಾಡುವ ಬಾಯ್ಲರನ್ನು ಕಿರಿಯ ಬಂಡಿಯಲ್ಲಿ ಬಹುಮಟ್ಟಿಗೆ ತಾಮ್ರದಿಂದ ಮಾಡುತ್ತಾರೆ. ಉಕ್ಕಿನ ತೆಳುತಗಡು ಕೆಲವೇ ವರ್ಷಗಳಲ್ಲಿ ತುಕ್ಕಿಗೆ ತುತ್ತಾಗುತ್ತದೆ. ತಾಮ್ರವು ತುಕ್ಕು ಹಿಡಿಯದು, ಶಾಖವನ್ನೂ ಚೆನ್ನಾಗಿ ಹಾಯಿಸುತ್ತದೆ.

ಪರದೇಶದ ಪೇಟೆ, ಸ್ವದೇಶದ ಪೇಟೆ

ಈ ವಿದ್ಯೆ ಹವ್ಯಾಸವಾಗಿ ಬೆಳೆದುದು ಇಂಗ್ಲೆಂಡಿನಲ್ಲಿ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬವರು 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದೇ ಸುಮಾರಿನಲ್ಲಿ ನಾರ್ಥಾಂಪ್ಟನ್ ಪಟ್ಟಣದಲ್ಲಿ ಬ್ಯಾಸೆಟ್-ಲೋಕ್ ಎಂಬ ಅಂಗಡಿ ಕಿರಿಯ ಬಂಡಿಗಳನ್ನೂ ಅವುಗಳ ಬಿಡಿಭಾಗಗಳನ್ನೂ ಮಾರತೊಡಗಿತು. 'ಎಲ್.ಬಿ.ಎಸ್.ಸಿ.' ಎಂಬ ಅಂಕಿತದಿಂದ ಬರೆಯುತ್ತಿದ್ದ, 1967ರಲ್ಲಿ ತೀರಿಕೊಂಡ ಲೇಖಕರೊಬ್ಬರು ಆ ಪತ್ರಿಕೆಯಲ್ಲಿ ದಶಕಗಳ ಕಾಲ ಸಾಮಾನ್ಯ ಕೆಲಸಗಾರನೂ ತಿಳಿಯುವಂತೆ ಒಂದೊಂದು ಅಂಗವನ್ನೂ ಮಾಡುವ ರೀತಿಯನ್ನು ಬೋಧಿಸಿದರು. ಅಲ್ಲಿ ನಕ್ಷೆಯೊಂದನ್ನು ಕೊಂಡವನಿಗೆ ಅದಕ್ಕೆ ತಕ್ಕ ಚಕ್ರ, ಸಿಲಿಂಡರುಗಳ ಎರಕಗಳೂ ಒಂದೇ ಪೆಟ್ಟಿಗೆಯಲ್ಲಿ ಸಿಗುವ ವ್ಯವಸ್ಥೆ ಬೆಳೆಯಿತು.

ನಮ್ಮಲ್ಲಿ ಅಂತಹ ಪೆಟ್ಟಿಗೆ ಇಲ್ಲ. ಸ್ವಾತಂತ್ರ್ಯಾನಂತರ 1991ರವರೆಗೂ ಆಮದಿಗೆ ಪರವಾನಗಿಯ ಕಟ್ಟುಪಾಡು ಬಿಗಿಯಾಗಿತ್ತು. ವಿನೋದಕ್ಕೆಂದು ಹೊರಗಿನಿಂದ ಎರಕ ತರಿಸುವುದು ಸುಲಭವಾಗಿರಲಿಲ್ಲ. ಆಮೇಲೆ ದಾರಿ ತೆರೆಯಿತಾದರೂ ಬೀಡುಕಬ್ಬಿಣದ ತೂಕಕ್ಕೆ ತೆರುವ ಸಾಗಣೆ ವೆಚ್ಚವೂ ಸುಂಕವೂ ಕೂಡಿ ಬೆಲೆ ಏರುತ್ತದೆ. ಆದುದರಿಂದ ಇಲ್ಲಿ ಕಟ್ಟುವವನು ನಕ್ಷೆಯನ್ನು ಮಾತ್ರ ಹೊರಗಿನಿಂದ ಪಡೆದು, ಮಿಕ್ಕುದನ್ನು ಸ್ವದೇಶದ ನಾನಾ ಕಸುಬುಗಳಿಂದ ಆಯ್ದುಕೊಳ್ಳುವುದೇ ವಿಹಿತ. ಯಾವ ಅಂಗಡಿಯ ಮೇಲೂ 'ಉಗಿಬಂಡಿಯ ಸಾಮಾನು' ಎಂಬ ಫಲಕವಿಲ್ಲ. ಆದರೆ ಬೇರೆ ಬೇರೆ ಹೆಸರಿನಲ್ಲಿ ಬಹುತೇಕ ಎಲ್ಲವೂ ಇವೆ.

ಚೌಕಟ್ಟು, ಚಕ್ರ, ಸಿಲಿಂಡರು

ಬಂಡಿಯ ಬೆನ್ನೆಲುಬಾದ ಚೌಕಟ್ಟಿಗೆ ಬೇಕಾದುದು ಮೂರು ಮಿಲಿಮೀಟರು ದಪ್ಪದ ಮೆದು ಉಕ್ಕಿನ ಪಟ್ಟಿ. ಕಿಟಕಿ ಬಾಗಿಲುಗಳ ಗ್ರಿಲ್ಲು ಮಾಡುವ ಊರಿನ ಕಬ್ಬಿಣದ ಅಂಗಡಿಯಲ್ಲಿಯೇ ಅದು ಸಿಗುತ್ತದೆ. ನೆಟ್ಟಗಿರುವುದನ್ನು ನೋಡಿ ಆರಿಸಬೇಕು, ಅಷ್ಟೆ. ಅಚ್ಚುಗಳಿಗೆ ಬೇಕಾದ ನಯವಾದ ದುಂಡು ಸಲಾಕೆಯನ್ನು ಲೇತು ಇಟ್ಟುಕೊಂಡವರು ಒದಗಿಸುತ್ತಾರೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದಂದಿನಿಂದ ಸಿಂಧನೂರು ಸೀಮೆಯಲ್ಲಿ ಬತ್ತದ ಗಿರಣಿಗಳು ಬೆಳೆದಿವೆ. ಗಿರಣಿ ಇದ್ದಲ್ಲಿ ಅದರ ದುರಸ್ತಿಗಾಗಿ ಲೇತು, ದುರಸ್ತಿಯ ಕೈ ಇದ್ದೇ ಇರುತ್ತವೆ.

ಚಕ್ರಗಳಿಗೆ ಬೀಡುಕಬ್ಬಿಣದ ಎರಕ ಬೇಕು. ಕರ್ನಾಟಕದಲ್ಲಿ ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿಗಳು ಎರಕದ ಕೆಲಸಕ್ಕೆ ಹೆಸರಾದವು. ದೊಡ್ಡ ಎರಕಶಾಲೆಯವರು ಆರು ಚಕ್ರಗಳಿಗಾಗಿ ಕುಲುಮೆ ಹೊತ್ತಿಸಲಾರರು. ಆದರೆ ಬೇರೊಂದು ಕೆಲಸಕ್ಕೆ ಲೋಹ ಕರಗಿಸಿದ ದಿನ ಒಂದು ಸಣ್ಣ ಅಚ್ಚಿಗೂ ಸುರಿದುಕೊಡಲು ಅನೇಕರು ಒಪ್ಪುತ್ತಾರೆ. ಅದಕ್ಕೆ ಕಟ್ಟುವವನೇ ಮರದ ಮಾದರಿಯನ್ನು ಸಿದ್ಧಪಡಿಸಿ ಒಯ್ಯಬೇಕು. ಇಲ್ಲಿ ಎರಡು ನಿಯಮಗಳನ್ನು ಮರೆಯಲಾಗದು. ಮೊದಲನೆಯದು, ಕರಗಿದ ಲೋಹ ಆರುವಾಗ ಕುಗ್ಗುತ್ತದೆ: ಬೀಡುಕಬ್ಬಿಣ ನೂರಕ್ಕೆ ಸುಮಾರು ಒಂದು ಪಾಲು, ಕಂಚಿನ ಜಾತಿಯ ಲೋಹ ನೂರಕ್ಕೆ ಸುಮಾರು ಒಂದೂವರೆ ಪಾಲು. ಮಾದರಿಯನ್ನು ಅಷ್ಟು ಹಿರಿದಾಗಿಯೇ ಕೆತ್ತಬೇಕು. ಲೇತಿನಲ್ಲಿ ಹೆರೆಯುವುದಕ್ಕೆಂದು ಇನ್ನೆರಡು ಮಿಲಿಮೀಟರು ಬಿಡಬೇಕು. ಎರಡನೆಯದು, ಮಾದರಿಯ ಪಕ್ಕಗಳು ತುಸು ಇಳಿಜಾರಾಗಿರಬೇಕು. ಇಲ್ಲವಾದರೆ ಅದನ್ನು ಮೇಲೆತ್ತುವಾಗ ಮರಳಿನ ಅಚ್ಚು ಒಡೆಯುತ್ತದೆ. ಬಡಗಿಯ ಕೈಯ ಹದವೇ ಎರಕದ ಗುಣವನ್ನು ನಿರ್ಣಯಿಸುತ್ತದೆ ಎಂಬುದು ಇದರಿಂದ ಸ್ಪಷ್ಟ. ಶರಣರ ಗಣದಲ್ಲಿ ಬಾಚಿಕಾಯಕದ ಬಸವಯ್ಯನಿಗೆ ಸ್ಥಾನವಿದ್ದುದು ಅಕಾರಣವಲ್ಲ.

ಸಿಲಿಂಡರುಗಳಿಗೆ ಗನ್‌ಮೆಟಲ್ ಉತ್ತಮ. ಅದರಲ್ಲಿ ನೂರಕ್ಕೆ ಎಂಬತ್ತೆಂಟು ಪಾಲು ತಾಮ್ರ, ಹತ್ತು ಪಾಲು ತವರ, ಎರಡು ಪಾಲು ಸತು. ಇಲ್ಲಿ ಒಂದು ಭ್ರಾಂತಿಯನ್ನು ಕಳೆಯುವುದು ಅವಶ್ಯ. ಒಡೆದ ಗಂಟೆ, ಜಾಗಟೆಗಳ ಕಂಚನ್ನು ಕರಗಿಸಿ ಸಿಲಿಂಡರು ಎರೆಯಬಹುದೆಂದು ಕೆಲವರು ಭಾವಿಸುವುದುಂಟು. ಗಂಟೆಯ ಕಂಚಿನಲ್ಲಿ ತವರದ ಪಾಲು ಇಪ್ಪತ್ತಕ್ಕೂ ಮೇಲಿರುತ್ತದೆ. ನಾದಕ್ಕೆ ಅದು ಬೇಕು, ಆದರೆ ಆ ಲೋಹ ಪೆಡಸು, ಏಟಿಗೆ ಸೀಳುತ್ತದೆ. ಗುಡಿಯಲ್ಲಿ ಮೊಳಗಿದುದು ಯಂತ್ರದಲ್ಲಿ ದುಡಿಯಲಾರದು. ಎರಕ ಮಾಡಿಸಲಾಗದವರು ಗನ್‌ಮೆಟಲ್ಲಿನ ದುಂಡು ತುಂಡನ್ನೇ ಕೊಂಡು ಲೇತಿನಲ್ಲಿ ಕೊರೆಸಬಹುದು. ನೀರೆತ್ತುವ ಪಂಪುಗಳ ಬುಷ್ಷಿಗಾಗಿ ಇಂತಹ ತುಂಡುಗಳು ಮಾರಾಟಕ್ಕಿರುತ್ತವೆ.

ಬಾಯ್ಲರು: ಎಚ್ಚರದ ನೆಲೆ

ಮಿಕ್ಕ ಅಂಗಗಳಲ್ಲಿ ತಪ್ಪಾದರೆ ಬಂಡಿ ನಿಲ್ಲುತ್ತದೆ. ಬಾಯ್ಲರಿನಲ್ಲಿ ತಪ್ಪಾದರೆ ಪಕ್ಕದಲ್ಲಿರುವವನ ಪ್ರಾಣಕ್ಕೇ ಕುತ್ತು. ನೂರು ಮಿಲಿಮೀಟರು ವ್ಯಾಸದ ಬಾಯ್ಲರಿನಲ್ಲಿ ಉಗಿಯ ಒತ್ತಡ ಚದರ ಸೆಂಟಿಮೀಟರಿಗೆ 5.6 ಕಿಲೋಗ್ರಾಮು ಇದ್ದಾಗ ಅದರ ಒಂದೊಂದು ಮುಚ್ಚಳದ ಮೇಲೂ ಬೀಳುವ ತಳ್ಳುಬಲ 440 ಕಿಲೋಗ್ರಾಮು. ಕೈಯಗಲದ ತಗಡು ನಾಲ್ಕು ಕ್ವಿಂಟಾಲಿಗೂ ಮಿಕ್ಕ ಜೋಳದ ಚೀಲಗಳ ಭಾರವನ್ನು ತಡೆದು ನಿಂತಿದೆ ಎಂದು ತಿಳಿದರೆ ಸಾಮಗ್ರಿಯ ವಿಷಯದಲ್ಲಿ ಉದಾಸೀನ ಸಲ್ಲದೆಂಬುದು ಮನದಟ್ಟಾಗುವುದು.

ಒಡಲಿಗೆ ಬೇಕಾದುದು ಬೆಸುಗೆಯಿಲ್ಲದ ದಪ್ಪ ತಾಮ್ರದ ಕೊಳವೆ. ಇದನ್ನು ಬೆಂಗಳೂರು, ಹುಬ್ಬಳ್ಳಿಗಳಂತಹ ನಗರಗಳ ತಾಮ್ರ ಹಿತ್ತಾಳೆಯ ಸಗಟು ವ್ಯಾಪಾರಿಗಳಲ್ಲಿ ಕೊಳ್ಳಬೇಕು. ದಪ್ಪವನ್ನು ಅಳೆದೇ ತರಬೇಕು. ಒಳಗಿನ ಸಣ್ಣ ಬೆಂಕಿಗೊಳವೆಗಳಿಗೆ ಶೀತಕ ಯಂತ್ರ ದುರಸ್ತಿ ಮಾಡುವವರು ಬಳಸುವ ತಾಮ್ರದ ಕೊಳವೆ ಒಪ್ಪುತ್ತದೆ. ಆದರೆ ಅವರು ಬಳಸುವ ಬೆಸುಗೆಕಡ್ಡಿಯ ವಿಷಯದಲ್ಲಿ ಎಚ್ಚರ ಬೇಕು. ಅವರಲ್ಲಿ ಸಾಮಾನ್ಯವಾಗಿರುವುದು ರಂಜಕ ಬೆರೆತ ತಾಮ್ರದ ಕಡ್ಡಿ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕವು ಆ ಬೆಸುಗೆಯನ್ನು ಮೆಲ್ಲಮೆಲ್ಲನೆ ತಿಂದುಹಾಕುತ್ತದೆ. ಬೆಂಕಿಗೂಡಿಗೆ ಬೆಳ್ಳಿ ಹೆಚ್ಚಾಗಿರುವ, ಕ್ಯಾಡ್ಮಿಯಂ ಇಲ್ಲದ ಬೆಸುಗೆಯೇ ಆಗಬೇಕು. ಕ್ಯಾಡ್ಮಿಯಂ ಬೆರೆತ ಕಡ್ಡಿಯ ಹೊಗೆ ವಿಷ. ಇನ್ನು ಪಾತ್ರೆ, ತಂತಿಗಳಿಗೆ ಹಾಕುವ ತವರ ಸೀಸದ ಮೆದು ಬೆಸುಗೆಯಂತೂ ಕೂಡದು. ಅದು 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಮೇಲೆ ಹೇಳಿದ ಒತ್ತಡದಲ್ಲಿ ಉಗಿಯೇ 162 ಡಿಗ್ರಿ ಇರುತ್ತದೆ. ನೀರು ತುಸು ಇಳಿದು ಬೆಂಕಿ ತಗಲಿದರೆ ಸಂದು ಬಿಡುತ್ತದೆ.

ಬಾಯ್ಲರಿಗೆ ಸೇರುವ ಕವಾಟಗಳನ್ನು ಹಿತ್ತಾಳೆಯಿಂದ ಮಾಡುವುದೂ ಹಿತವಲ್ಲ. ಹಿತ್ತಾಳೆಯಲ್ಲಿರುವ ಸತುವನ್ನು ಬಿಸಿನೀರು ಕಾಲಕ್ರಮದಲ್ಲಿ ಸೆಳೆದುಕೊಂಡು ಲೋಹವನ್ನು ಜೊಳ್ಳು ಮಾಡುತ್ತದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡುದು ಒತ್ತಿದರೆ ಪುಡಿಯಾಗುತ್ತದೆ. ಅಲ್ಲಿ ಕಂಚಿನ ಜಾತಿಯ ಲೋಹವೇ ಬೇಕು. ನೀರು ಹಿಂದೆ ಬರದಂತೆ ತಡೆಯುವ ಕವಾಟದೊಳಗಿನ ಗುಂಡನ್ನು ಬೇರಿಂಗ್ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಸಾಮಾನ್ಯ ಬೇರಿಂಗ್ ಗುಂಡು ತುಕ್ಕು ಹಿಡಿಯುವಂತಹುದಾದ್ದರಿಂದ ಸ್ಟೇನ್‌ಲೆಸ್ ಗುಂಡನ್ನೇ ಕೇಳಬೇಕು. ನೀರಿನ ಮಟ್ಟ ತೋರುವ ಗಾಜಿನ ನಳಿಗೆಯು ಶಾಲಾ ಪ್ರಯೋಗಶಾಲೆಗೆ ಸಾಮಾನು ಒದಗಿಸುವವರಲ್ಲಿ ಸಿಗುತ್ತದೆ. ಅದು ಶಾಖ ತಾಳುವ ಬೋರೋಸಿಲಿಕೇಟ್ ಗಾಜಾಗಿರಬೇಕು. ಒತ್ತಡಮಾಪಕವು ಕೈಗಾರಿಕಾ ಸಾಮಾನಿನ ಅಂಗಡಿಗಳಲ್ಲಿ ಸಾಮಾನ್ಯ. ಸಂದುಗಳಿಂದ ಉಗಿ ಸೋರದಂತೆ ತುರುಕುವ ಗ್ರಾಫೈಟ್ ಹುರಿಯೂ ಶಾಖ ತಾಳುವ ರಬ್ಬರ್ ಉಂಗುರಗಳೂ ಪಂಪು ದುರಸ್ತಿಯವರಲ್ಲಿ ದೊರೆಯುತ್ತವೆ. ಹಳೆಯ ಆಂಗ್ಲ ನಕ್ಷೆಗಳು ಹೇಳುವ ಬಿ.ಎ. ಮರೆಗಳ ತಿರುಪುಗಳು ಇಲ್ಲಿ ಅಪರೂಪ. ಅವುಗಳ ಬದಲು ಎರಡು, ಎರಡೂವರೆ, ಮೂರು ಮಿಲಿಮೀಟರಿನ ಮೆಟ್ರಿಕ್ ತಿರುಪುಗಳನ್ನು ಬಳಸಿದರೆ ಹಾನಿಯಿಲ್ಲ. ಆದರೆ ಆ ನಿರ್ಣಯವನ್ನು ಮೊದಲೇ ಮಾಡಿ ನಕ್ಷೆಯಲ್ಲಿ ತಿದ್ದಿಕೊಳ್ಳಬೇಕು. ನಡುವೆ ಬದಲಿಸಿದರೆ ಯಾವುದಕ್ಕೂ ಯಾವುದೂ ಕೂಡದು.

ಗುಜರಿ ಅಂಗಡಿ ಕಟ್ಟುವವನ ಮಿತ್ರ. ಚೌಕಟ್ಟಿನ ಉಕ್ಕು, ಸಲಾಕೆ, ಗಾಲಿ, ಹಿಡಿಕೆಗಳನ್ನು ಅಲ್ಲಿ ಧಾರಾಳವಾಗಿ ಆರಿಸಬಹುದು. ಆದರೆ ಒತ್ತಡವನ್ನು ತಡೆಯಬೇಕಾದ ಯಾವ ವಸ್ತುವನ್ನೂ ಅಲ್ಲಿಂದ ತರಕೂಡದು. ಹಳೆಯ ಅನಿಲ ಸಿಲಿಂಡರನ್ನೋ, ಅಡುಗೆಯ ಕುಕ್ಕರನ್ನೋ, ಗಿರಣಿಯಿಂದ ಕಿತ್ತ ಕವಾಟವನ್ನೋ ಬಾಯ್ಲರಿಗೆ ಹೊಂದಿಸುವುದು ಸಾಹಸವಲ್ಲ, ಅವಿವೇಕ. ಅದರ ಪೂರ್ವಚರಿತ್ರೆಯನ್ನು ಬಲ್ಲವರಿಲ್ಲ.

ಸಿದ್ಧವಾದ ಬಾಯ್ಲರನ್ನು ಬೆಂಕಿಗಿಡುವ ಮುನ್ನ ತಣ್ಣೀರಿನ ಪರೀಕ್ಷೆಗೆ ಒಡ್ಡಬೇಕು. ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ದುಡಿಮೆಯ ಒತ್ತಡದ ಎರಡರಷ್ಟು, ಎಂದರೆ 11.2 ಕಿಲೋಗ್ರಾಮಿನವರೆಗೆ ಏರಿಸಿ, ಮುಳ್ಳು ಇಳಿಯದೆ ನಿಲ್ಲುವುದೇ ಎಂದು ನೋಡಬೇಕು. ನೀರು ಒತ್ತಿದರೆ ಬಹಳ ಕುಗ್ಗುವುದಿಲ್ಲವಾದ್ದರಿಂದ ಸಂದು ಬಿಟ್ಟರೂ ಹನಿ ಜಿನುಗುತ್ತದೆಯೇ ಹೊರತು ಸಿಡಿಯುವುದಿಲ್ಲ. ಗಾಳಿಯಿಂದ ಈ ಪರೀಕ್ಷೆ ಮಾಡುವುದು ಪ್ರಾಣಾಪಾಯಕರ. ಇಪ್ಪತ್ತೈದು ಲೀಟರಿಗಿಂತ ಕಡಮೆ ಹಿಡಿಯುವ ಪಾತ್ರೆಗಳು ದೇಶದ ಬಾಯ್ಲರು ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಸರಕಾರದ ಪರೀಕ್ಷಕನು ಬಂದು ನೋಡುವನೆಂಬ ಭರವಸೆ ಇಲ್ಲವಾದ್ದರಿಂದ ಹೊಣೆಯೆಲ್ಲವೂ ಕಟ್ಟಿದವನ ಮೇಲೆಯೇ ಬೀಳುತ್ತದೆ. ಪರೀಕ್ಷೆಯ ದಿನಾಂಕ, ಒತ್ತಡ, ಸಾಕ್ಷಿಗಳ ಸಹಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಶಾಲೆಗಳಲ್ಲಿ ಕಡ್ಡಾಯವಾಗಬೇಕು.

ನೀರು ಮತ್ತು ಇದ್ದಲು

ಇವೂ ಅಂಗಗಳೇ ಎಂದು ತಿಳಿಯಬೇಕು. ಕೊಳವೆಬಾವಿಯ ಗಡಸು ನೀರು ಕುದಿದಲ್ಲಿ ಸುಣ್ಣದ ಹೆಪ್ಪನ್ನು ಬಿಡುತ್ತದೆ. ಪೆನ್ಸಿಲ್ಲಿನಷ್ಟು ಸಣ್ಣ ಕೊಳವೆಗಳ ನಡುವೆ ಆ ಹೆಪ್ಪು ಕಟ್ಟಿದರೆ ಬಾಯ್ಲರು ಕೆಟ್ಟಂತೆಯೇ. ಸೋಸಿದ ಮಳೆನೀರು ಉತ್ತಮ. ಕಲ್ಲಿದ್ದಲಿಗೆ ಈ ಸೀಮೆಗೆ ಹತ್ತಿರದ ಗಣಿಗಳು ತೆಲಂಗಾಣದ ಸಿಂಗರೇಣಿಯವು. ಬೂದಿ ಕಡಮೆ ಇರುವ ಗಟ್ಟಿ ತುಂಡನ್ನು ಆರಿಸಿ, ಕಡಲೆಕಾಳಿನಿಂದ ಅಡಕೆಯ ಗಾತ್ರದವರೆಗೆ ಒಡೆದು, ಪುಡಿಯನ್ನು ಜರಡಿ ಹಿಡಿಯಬೇಕು. ಬೆಂಕಿ ಹೊತ್ತಿಸಲು ಮರದ ಇದ್ದಲು ಅನುಕೂಲ.

ಹಿರಿಯರಿಗೂ ಇದೇ ಪಾಡು

ಬಿಡಿಭಾಗ ಸಿಗದ ಕಷ್ಟ ಹವ್ಯಾಸಿಗೆ ಮಾತ್ರ ಬಂದುದಲ್ಲ. ನೀಲಗಿರಿಯ ಹಲ್ಲುಹಳಿಯ ಮೇಲೆ ಏರುವ ಎಕ್ಸ್ ವರ್ಗದ ಎಂಜಿನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಪಟ್ಟಣದಲ್ಲಿ ತಯಾರಾದವು. ಅವುಗಳ ಕೊನೆಯ ತಂಡ ಬಂದುದು 1952ರಲ್ಲಿ. ಅವು ಸವೆದಾಗ ಕೊಳ್ಳಲು ಬದಲಿ ಎಂಜಿನು ಲೋಕದಲ್ಲೆಲ್ಲಿಯೂ ಇರಲಿಲ್ಲ. ಆಗ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಖಾನೆಯವರು ಹಳೆಯ ಎಂಜಿನುಗಳನ್ನು ಆಧಾರವಾಗಿಟ್ಟುಕೊಂಡು ಒಂದೊಂದು ಅಂಗವನ್ನೂ ಮಾಡಿ, ಮಾಡಿಸಿ, 2011ರಿಂದೀಚೆಗೆ ಹೊಸ ಉಗಿ ಎಂಜಿನುಗಳನ್ನೇ ಕಟ್ಟಿ ಹೊರತಂದರು. ಉಗಿಯುಗ ಮುಗಿದ ಮೇಲೆ ನಡೆದ ಈ ಕೆಲಸ ಸಾಧ್ಯವಾದುದು ಕುಶಲಿಗಳ ಕೈಗಳು ಇನ್ನೂ ಉಳಿದಿದ್ದುದರಿಂದ. ಮೈಸೂರಿನಲ್ಲಿ 1979ರಲ್ಲಿ, ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯಗಳು ಕಟ್ಟುವವನಿಗೆ ತೆರೆದ ಪುಸ್ತಕಗಳಿದ್ದಂತೆ. ನಕ್ಷೆಯಲ್ಲಿ ತಿಳಿಯದುದನ್ನು ಅಲ್ಲಿಯ ಹಿರಿಯ ವಸ್ತುಗಳ ಮುಂದೆ ನಿಂತು ಅರಿಯಬಹುದು.

ಈಗ ಇರುವ ಅಪಾಯವು ಲೋಹದ ಕೊರತೆಯಲ್ಲ, ಕೈಗಳ ಕೊರತೆ. ಒಂದೇ ಒಂದು ತುಂಡನ್ನು ಎರೆದುಕೊಡುವ ಸಣ್ಣ ಎರಕದವರು, ಮಾದರಿ ಕೆತ್ತುವ ಬಡಗಿಗಳು, ತಾಮ್ರವನ್ನು ಕಾಯಿಸಿ ಬಡಿದು ಅಂಚು ಮಡಿಸಬಲ್ಲ ಕುಶಲಿಗಳು ದಿನೇ ದಿನೇ ವಿರಳರಾಗುತ್ತಿದ್ದಾರೆ. ಒಬ್ಬ ಮುದುಕನು ತೀರಿಕೊಂಡಾಗ ಅವನ ಅಟ್ಟದ ಮೇಲಿದ್ದ ಮರದ ಮಾದರಿಗಳು ಒಲೆಗೆ ಹೋಗುತ್ತವೆ. ಪುಸ್ತಕದಿಂದ ಮರಳಿ ಪಡೆಯಲಾಗದ ವಿದ್ಯೆ ಅದು.

ಮಸ್ಕಿಯ ನೆಲಕ್ಕೆ ಲೋಹದ ವಿದ್ಯೆ ಹೊಸದಲ್ಲ. ಅಶೋಕನ ಹೆಸರನ್ನೇ ಹೇಳುವ ಇಲ್ಲಿಯ ಶಿಲಾಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಸಾಹೇಬರು ವಿದ್ವಾಂಸರಲ್ಲ. ಚಿನ್ನದ ಅದಿರನ್ನು ಅರಸಿ ಬಂದ ಗಣಿಯ ಎಂಜಿನಿಯರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಅದೇ ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣದಂಪತಿಗಳ ಊರೆಂದು ಪ್ರತೀತಿ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವುದೇ ಅವರ ಕಾಯಕ. ಒಮ್ಮೆ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಚೆಲ್ಲಿದುದನ್ನು ಆಯುವ ಶ್ರದ್ಧೆ, ಕೂಡದುದನ್ನು ಹಿಂದಕ್ಕೆ ಕಳುಹಿಸುವ ವಿವೇಕ, ಈ ಎರಡೂ ಬಂಡಿ ಕಟ್ಟುವವನಿಗೆ ಬೇಕು.

ಶಾಲೆಯೊಂದು ಈ ಕೆಲಸಕ್ಕೆ ಕೈಹಾಕುವುದಾದರೆ ಒಮ್ಮೆಲೇ ಬಂಡಿಗೆ ತೊಡಗಬೇಕಾಗಿಲ್ಲ. ಮೊದಲ ವರ್ಷ ಒಂದೇ ಸಿಲಿಂಡರಿನ ತೂಗಾಡುವ ಪುಟ್ಟ ಯಂತ್ರವನ್ನು ಕಟ್ಟಿ ಸೈಕಲ್ ಪಂಪಿನ ಗಾಳಿಯಿಂದ ತಿರುಗಿಸಲಿ. ಅದಕ್ಕೆ ಬಾಯ್ಲರೇ ಬೇಡ. ಎರಡನೆಯ ವರ್ಷ ಚೌಕಟ್ಟು, ಚಕ್ರಗಳಾಗಲಿ. ಬಾಯ್ಲರು ಎಲ್ಲಕ್ಕಿಂತ ಕೊನೆಗೆ, ಬಲ್ಲವರ ಸಮಕ್ಷಮದಲ್ಲಿ ಮಾತ್ರ. ಗಣಿ, ಗಿರಣಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಹಣವನ್ನಲ್ಲದೆ ಒಂದೊಂದು ಅಂಗವನ್ನು ತಮ್ಮ ಕೈಯಿಂದ ಮಾಡಿ ಅರ್ಪಿಸಬಹುದು: ಒಬ್ಬರು ಒಂದು ಅಚ್ಚನ್ನು, ಮತ್ತೊಬ್ಬರು ಒಂದು ಕವಾಟವನ್ನು, ಇನ್ನೊಬ್ಬರು ಒಂದು ದಿನದ ಬೆಸುಗೆಯ ಕಾಯಕವನ್ನು. ಎರಕಕ್ಕೆ ಬಳಸಿದ ಮರದ ಮಾದರಿಗಳನ್ನೂ ತಿದ್ದಿದ ನಕ್ಷೆಗಳನ್ನೂ ಯಾವ ವಸ್ತು ಯಾರಲ್ಲಿ ದೊರೆಯಿತೆಂಬ ಪಟ್ಟಿಯನ್ನೂ ಗ್ರಂಥಾಲಯದಲ್ಲಿ ಪುಸ್ತಕಗಳಷ್ಟೇ ಜೋಪಾನವಾಗಿ ಇರಿಸಬೇಕು. ಮುಂದಿನ ತರಗತಿಯವರು ಎರಡನೆಯ ಬಂಡಿಯನ್ನು ಕಟ್ಟುವಾಗ ಅವರಿಗೆ ಮೊದಲು ಬೇಕಾಗುವುದು ಆ ಪಟ್ಟಿಯೇ.